ವೇಗಸ್ ನರದ ಶೇ. 80 ತಂತು ಮೆದುಳಿನ ಕಡೆಗೇ ಹೋಗುತ್ತವೆ ಅಂತಾರಲ್ಲ, ಅದು ಯಾವ ಪ್ರಾಣಿಯ ಲೆಕ್ಕ?

ಸಪ್ತಾಪುರದ ಓದುಗ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಓದುತ್ತಿದ್ದೇನೆ. ನಮ್ಮ ಅತ್ತೆ ಒಂದು ಉಸಿರಾಟದ ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ "ವೇಗಸ್ ನರದ ಶೇ. 80 ತಂತುಗಳು ದೇಹದಿಂದ ಮೆದುಳಿಗೆ ಸುದ್ದಿ ಒಯ್ಯುತ್ತವೆ, ಆದ್ದರಿಂದ ದಿನಾ ವೇಗಸ್‌ಗೆ ವ್ಯಾಯಾಮ ಕೊಡಿ" ಅಂತ ಇದೆ. ಅತ್ತೆ ನನ್ನ ಮುಂದೆ ಹಾಳೆ ಹಿಡಿದು, ಇದೆಲ್ಲ ಖರೆ ಏನೋ ಅಂತ ಕೇಳಿದರು. ನಾನು ಸುಮ್ನೆ ತಲೆ ಆಡಿಸಿ ಬಂದೆ.

ಆದರೆ ನಾವು ಪಿಯುಸಿಯಿಂದ ಓದಿಕೊಂಡು ಬಂದದ್ದು ಬೇರೆ. ವೇಗಸ್ ಅಂದರೆ ಮೆದುಳಿನಿಂದ ನೇರ ಹೊರಡುವ ಹತ್ತನೇ ಕಪಾಲ ನರ, ಪ್ಯಾರಾಸಿಂಪಥೆಟಿಕ್ (ದೇಹವನ್ನು ಶಾಂತ ಮಾಡುವ ನರವ್ಯವಸ್ಥೆ), ಹೃದಯದ ಬಡಿತ ಇಳಿಸುತ್ತದೆ, ಜಠರದಲ್ಲಿ ಆಮ್ಲ ಸುರಿಸುತ್ತದೆ. ಅಂದರೆ ಮೆದುಳಿನಿಂದ ಕೆಳಕ್ಕೆ ಬರುವ ಅಪ್ಪಣೆ. ಹಾಗಿದ್ದರೆ ಆ 80 ಎಲ್ಲಿಂದ ಬಂತು? ಯಾರು ಎಣಿಸಿದರು? ಮನುಷ್ಯನಲ್ಲೋ ಇಲಿಯಲ್ಲೋ? ಗೊತ್ತಿದ್ದವರು ಬಿಡಿಸಿ ಹೇಳಿ.

ಉಣಕಲ್ ಕೆರೆ

ನಾನು ಎಲೆಕ್ಟ್ರಾನಿಕ್ಸ್ ಮನುಷ್ಯ, ನನಗೆ ಬಯಾಲಜಿ ಬರಲ್ಲ. ಆದರೂ ಈ 80 ಅನ್ನೋ ನಂಬರು ಎಲ್ಲ ಕಡೆ ಓಡಾಡುತ್ತಿದೆ, ಹೌದು. ರೀಲ್ಸ್‌ನಲ್ಲಿ ದಿನಕ್ಕೊಬ್ಬರು ಹೇಳುತ್ತಾರೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ವಿದ್ಯಾನಗರ ಫಿಸಿಯಾಲಜಿ

ಹುಬ್ಬಳ್ಳಿಯಲ್ಲಿ ಮೆಡಿಕಲ್ ಹುಡುಗರಿಗೆ ಪಾಠ ಮಾಡುತ್ತೇನೆ. ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ, ಅದು ಬೆಕ್ಕಿನ ಲೆಕ್ಕ. ಅದೂ ಬೆಕ್ಕಿನ ಕುತ್ತಿಗೆಯ ಲೆಕ್ಕ.

1937ರಲ್ಲಿ ಫೋಲಿ ಮತ್ತು ಡುಬಾಯ್ಸ್ ಎಂಬಿಬ್ಬರು ಇದನ್ನು ಎಣಿಸಿದರು. ಅವರ ಉಪಾಯ ಕೇಳಿದರೆ ಖುಷಿಯಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಒಂದು ನರವನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುವುದು ದುಂಡು ದುಂಡು ಚುಕ್ಕೆಗಳು ಮಾತ್ರ. ಯಾವ ಚುಕ್ಕೆ ಮೇಲಕ್ಕೆ ಸುದ್ದಿ ಒಯ್ಯುತ್ತದೆ, ಯಾವುದು ಕೆಳಕ್ಕೆ ತರುತ್ತದೆ ಅಂತ ನೋಡಿ ಹೇಳಲು ಆಗುವುದಿಲ್ಲ. ಆದರೆ ಎರಡರ ಜೀವಕೋಶ ಇರುವ ಜಾಗ ಬೇರೆ. ಕೆಳಕ್ಕೆ ಬರುವ ತಂತುವಿನ ಕೋಶ ಮೆಡುಲ್ಲಾದಲ್ಲಿದೆ, ಅಂದರೆ ಮೆದುಳಿನ ಕಾಂಡದಲ್ಲಿ. ಮೇಲಕ್ಕೆ ಹೋಗುವ ತಂತುವಿನ ಕೋಶ ತಲೆಬುರುಡೆಯ ಬುಡದ ಹತ್ತಿರ ನೋಡೋಸ್ ಗ್ಯಾಂಗ್ಲಿಯಾನ್ ಎಂಬ ಗಂಟಿನಲ್ಲಿದೆ. ಕೋಶದಿಂದ ಬೇರ್ಪಟ್ಟ ತಂತು ಕೆಲವು ದಿನಗಳಲ್ಲಿ ಕೊಳೆತು ಹೋಗುತ್ತದೆ ಅನ್ನುವುದನ್ನು ವಾಲರ್ 1850ರಲ್ಲೇ ತೋರಿಸಿದ್ದ. ಈಗ ಆ ಗಂಟಿಗಿಂತ ಮೇಲೆ, ಮೆದುಳಿಗೆ ಹತ್ತಿರ, ನರದ ಬೇರು ಕತ್ತರಿಸಿದರೆ ಏನಾಗುತ್ತದೆ? ಕೆಳಕ್ಕೆ ಬರುವ ತಂತುಗಳೆಲ್ಲ ತಮ್ಮ ಕೋಶ ಕಳೆದುಕೊಂಡು ಸಾಯುತ್ತವೆ. ಗಂಟಿನಿಂದ ಕೆಳಗೆ ಇಳಿದ ಸಂವೇದನೆಯ ತಂತುಗಳಿಗೆ ಏನೂ ಆಗುವುದಿಲ್ಲ. ಸಾಯುವಷ್ಟು ದಿನ ಬಿಟ್ಟು, ಉಳಿದದ್ದನ್ನು ಎಣಿಸಿ, ಕತ್ತರಿಸದ ಬದಿಯ ಜೊತೆ ಹೋಲಿಸಿದರೆ ಲೆಕ್ಕ ಸಿಕ್ಕಿತು.

ಅವರಿಗೆ ಸಿಕ್ಕಿದ್ದು ಶೇ. 65ರಿಂದ 80. ಗಮನಿಸಿ, ಅದೊಂದು ವ್ಯಾಪ್ತಿ. ಮುಂದೆ ಬಂದವರು ಕೆಳಗಿನ ತುದಿ ಬಿಟ್ಟು ಮೇಲಿನ ತುದಿ ಇಟ್ಟುಕೊಂಡರು. ಈಗ ಅದೇ ಮನುಷ್ಯನ ಲೆಕ್ಕ ಅನ್ನೋ ಹಾಗೆ ಎಲ್ಲರೂ ಬರೆಯುತ್ತಾರೆ.

ಸಪ್ತಾಪುರದ ಓದುಗ

ಸರ್, ಬಹಳ ಥ್ಯಾಂಕ್ಸ್. ಹಾಗಾದರೆ 80 ಅನ್ನೋದು ಸುಳ್ಳಾ?

ವಿದ್ಯಾನಗರ ಫಿಸಿಯಾಲಜಿ

ಸುಳ್ಳಲ್ಲ. ಮೇಲಕ್ಕೆ ಹೋಗುವವೇ ಜಾಸ್ತಿ ಅನ್ನುವುದು ಎಣಿಸಿದ ಸಸ್ತನಿಗಳಲ್ಲೆಲ್ಲ ನಿಜ. ಎಷ್ಟು ಜಾಸ್ತಿ ಅನ್ನುವುದು ಪ್ರಾಣಿಯ ಮೇಲೆ, ನರವನ್ನು ಎಲ್ಲಿ ಕತ್ತರಿಸಿ ನೋಡಿದಿರಿ ಅನ್ನುವುದರ ಮೇಲೆ ನಿಂತಿದೆ. 1957ರಲ್ಲಿ ಅಗೊಸ್ಟೋನಿ ಮತ್ತು ಜೊತೆಗಾರರು ಅದೇ ಬೆಕ್ಕಿನ ಹೊಟ್ಟೆಯ ಮಟ್ಟದಲ್ಲಿ ಎಣಿಸಿದರು. ಅಲ್ಲಿ ಸುಮಾರು 30 ಸಾವಿರ ತಂತುಗಳು, ಕೆಳಕ್ಕೆ ಬರುವವು ಹತ್ತರಲ್ಲಿ ಒಂದು ಪಾಲಿನಷ್ಟು. 1990ರಲ್ಲಿ ಪ್ರೆಕ್ಟ್ಲ್ ಮತ್ತು ಪೌಲಿ ಇಲಿಯ ಹೊಟ್ಟೆಯಲ್ಲಿ ಎಣಿಸಿದಾಗ ಕೆಳಕ್ಕೆ ಬರುವ ಪಾಲು ಸುಮಾರು ಕಾಲು ಭಾಗ. ಅದೇ ಮಟ್ಟ, ಎರಡು ಪ್ರಾಣಿ, ಎರಡು ಲೆಕ್ಕ. ಇಲಿಯ ಆಹಾರ ಬೇರೆ, ಬೆಕ್ಕಿನ ಆಹಾರ ಬೇರೆ, ಅದೇ ಕಾರಣ ಅಂತ ಯಾರಾದರೂ ಹೇಳಿದರೆ ನಾನು ಈಗಲೇ ಒಪ್ಪಲ್ಲ. ಆದರೆ ಒಂದು ಪ್ರಾಣಿಯ ಅಂಕಿ ಎತ್ತಿ ಇನ್ನೊಂದಕ್ಕೆ ಹಚ್ಚಬಾರದು ಅನ್ನುವಷ್ಟು ಸ್ಪಷ್ಟ.

ಎಣಿಸುವ ವಿಧಾನವೂ ಮುಖ್ಯ. ಹಳಬರು ಆಸ್ಮಿಯಂ ಹಾಕುತ್ತಿದ್ದರು. ಅದು ಮೈಲಿನ್ ಎಂಬ ಕೊಬ್ಬಿನ ಪೊರೆಯನ್ನು ಕಪ್ಪು ಮಾಡುತ್ತದೆ. ಪೊರೆ ಇಲ್ಲದ ತಂತು ಅದರಲ್ಲಿ ಕಾಣುವುದೇ ಇಲ್ಲ. ವೇಗಸ್‌ನಲ್ಲಿ ಪೊರೆ ಇಲ್ಲದವೇ ಬಹುಪಾಲು. ಇಲಿಯ ಹೊಟ್ಟೆಯ ವೇಗಸ್‌ನಲ್ಲಂತೂ ಶೇ. 99ಕ್ಕಿಂತ ಜಾಸ್ತಿ. ಆಮೇಲೆ ಬೆಳ್ಳಿ ಬಣ್ಣ ಬಂತು, ಕೊನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆಯೇ ನಂಬುವಂತಹ ಲೆಕ್ಕ ಸಿಕ್ಕಿದ್ದು. ಈ ತಂತುಗಳ ದಪ್ಪ ಅರ್ಧ, ಒಂದು ಮೈಕ್ರಾನ್. ತಂತುಗಳನ್ನು ಸುತ್ತಿಕೊಂಡಿರುವ ಒಂದೇ ಶ್ವಾನ್ ಕೋಶದ ಮಡಿಲಲ್ಲಿ ಹತ್ತಾರು ಒಟ್ಟಿಗೆ ಕೂತಿರುತ್ತವೆ. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಆ ಗುಂಪು ಒಂದೇ ಚುಕ್ಕೆ ಅನಿಸಿಬಿಡುತ್ತದೆ.

ಹಾವೇರಿ ಮೇಷ್ಟ್ರು

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಪೊರೆ ಇರುವುದು, ಇಲ್ಲದ್ದು, ಇದರಿಂದ ಕೆಲಸದಲ್ಲಿ ಏನು ವ್ಯತ್ಯಾಸ ಅಂತ ಯಾರಾದರೂ ಸರಳವಾಗಿ ಹೇಳ್ತೀರಾ? ಎ, ಬಿ, ಸಿ ಅಂತ ಭಾಗ ಮಾಡುತ್ತಾರಲ್ಲ, ಅದು ನನಗೆ ಯಾವಾಗಲೂ ಗೋಜಲು.

ವಿದ್ಯಾನಗರ ಫಿಸಿಯಾಲಜಿ

ಮೇಷ್ಟ್ರೇ, ವ್ಯತ್ಯಾಸ ವೇಗದಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎರ್ಲಾಂಗರ್ ಮತ್ತು ಗ್ಯಾಸರ್ ನರಕ್ಕೆ ಒಂದು ತುದಿಯಲ್ಲಿ ಕರೆಂಟ್ ಕೊಟ್ಟು, ದೂರದಲ್ಲಿ ಆಸಿಲೋಸ್ಕೋಪ್ ಪರದೆ ಮೇಲೆ ಅಲೆ ನೋಡಿದರು. ಒಂದೇ ಅಲೆ ಬರಲಿಲ್ಲ. ಮೊದಲೊಂದು ಗುಡ್ಡ, ಸ್ವಲ್ಪ ತಡವಾಗಿ ಇನ್ನೊಂದು, ತೀರಾ ತಡವಾಗಿ ಮತ್ತೊಂದು. ಬೇಗ ಬಂದವು ದಪ್ಪ ತಂತು, ಪೊರೆ ಇದ್ದವು, ಅವಕ್ಕೆ ಎ. ನಡುವೆ ಬಂದವಕ್ಕೆ ಬಿ. ಕೊನೆಗೆ ಬಂದವು ಸಣ್ಣ ತಂತು, ಪೊರೆ ಇಲ್ಲದವು, ಅವಕ್ಕೆ ಸಿ. ಇದಕ್ಕೆ 1944ರ ನೊಬೆಲ್ ಬಂತು.

ವೇಗಸ್‌ನಲ್ಲಿ ಮೂರೂ ಇವೆ. ಗಂಟಲಿನ ಸ್ನಾಯುಗಳಿಗೆ, ಅಂದರೆ ಮಾತಾಡಲು ನುಂಗಲು ಬೇಕಾದವುಗಳಿಗೆ, ಹೋಗುವ ತಂತುಗಳು ದಪ್ಪ ಎ. ಶ್ವಾಸಕೋಶ ಎಷ್ಟು ಹಿಗ್ಗಿದೆ, ಮಹಾಪಧಮನಿಯಲ್ಲಿ ಒತ್ತಡ ಎಷ್ಟಿದೆ ಅಂತ ಮೇಲಕ್ಕೆ ಹೇಳುವವುಗಳಲ್ಲೂ ಬಹಳಷ್ಟು ಎ. ಹೃದಯಕ್ಕೆ ಇಳಿದು ಬಡಿತ ತಗ್ಗಿಸುವವು ಮುಖ್ಯವಾಗಿ ಬಿ. ಸೆಕೆಂಡಿಗೆ 3ರಿಂದ 15 ಮೀಟರ್ ವೇಗ. ಹೊಟ್ಟೆ ಕರುಳಿನಿಂದ ಏರುವವು ಬಹುತೇಕ ಸಿ. ಸೆಕೆಂಡಿಗೆ ಅರ್ಧ ಮೀಟರಿನಿಂದ ಎರಡು ಮೀಟರ್. ಅಂದರೆ ನಿಮ್ಮ ಜಠರದ ಸುದ್ದಿ ಮೆದುಳಿಗೆ ತಲುಪಲು ಸುಮಾರು ಅರ್ಧ ಸೆಕೆಂಡ್ ಬೇಕು. ಜಠರಕ್ಕೆ ಅವಸರ ಏನಿಲ್ಲ ಬಿಡಿ. ಧ್ವನಿಪೆಟ್ಟಿಗೆಗೆ ಇದೆ, ತುತ್ತು ಶ್ವಾಸನಾಳಕ್ಕೆ ಬೀಳುವ ಮುಂಚೆ ಮುಚ್ಚಿಕೊಳ್ಳಬೇಕು.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಗಂಟಲಿಗೆ, ಎದೆಯ ಅಂಗಗಳಿಗೆ ಹೋಗುವ ಕವಲುಗಳು ಬೇರೆಯಾದ ಮೇಲೆ ದಪ್ಪ ತಂತುಗಳು ಬಹುತೇಕ ಹೋದವು. ಅದಕ್ಕೇ ಕುತ್ತಿಗೆಯ ನರಕ್ಕೂ ಹೊಟ್ಟೆಯ ನರಕ್ಕೂ ಲೆಕ್ಕ ತಾಳೆಯಾಗುವುದಿಲ್ಲ. ಹೆಸರು ಒಂದೇ, ಒಳಗಿನ ಜನ ಬೇರೆ.

ಬ್ಯಾಡಗಿ ಘಾಟು

ಡಾಕ್ಟ್ರೇ, ನಮ್ಮದು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ. ನಮ್ಮ ಅಂಗಡಿಗೆ ಹೊಸಬರು ಬಂದರೆ ಕೆಮ್ಮುತ್ತಾ ಹೊರಗೆ ಓಡುತ್ತಾರೆ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮಾತ್ರ ಸೆರಗು ಮೂಗಿಗೆ ಕಟ್ಟಿಕೊಂಡು ಇಡೀ ದಿನ ಕೂಡುತ್ತಾರೆ, ನಡುನಡುವೆ ಅಷ್ಟೇ ಕೆಮ್ಮು. ಇದಕ್ಕೂ ಈ ನರಕ್ಕೂ ಏನಾದರೂ ಸಂಬಂಧ ಇದೆಯಾ, ಇಲ್ಲಾ ನಾನು ಸುಮ್ನೆ ಮೂಗು ತೂರಿಸುತ್ತಿದ್ದೇನಾ?

ವಿದ್ಯಾನಗರ ಫಿಸಿಯಾಲಜಿ

ಅಣ್ಣಾ, ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ! ಸಿ ತಂತು ಅಂದರೆ ಪ್ರಯೋಗಶಾಲೆಯವರಿಗೆ ಮೊದಲು ನೆನಪಾಗುವುದೇ ಮೆಣಸಿನಕಾಯಿ. ಖಾರದ ರಾಸಾಯನಿಕ ಕ್ಯಾಪ್ಸೈಸಿನ್. ಅದು ಹೋಗಿ ತಾಗುವ ಗ್ರಾಹಕ ಟಿಆರ್‌ಪಿವಿ1. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಅದರ ಜೀನ್ ಹಿಡಿಯಿತು, 2021ರಲ್ಲಿ ನೊಬೆಲ್ ಬಂತು. ಧ್ವನಿಪೆಟ್ಟಿಗೆ, ಶ್ವಾಸನಾಳದ ಒಳಪದರದಲ್ಲಿ ವೇಗಸ್‌ನ ಸಿ ತಂತುಗಳ ತುದಿ ಹರಡಿದೆ, ಅವುಗಳಲ್ಲಿ ಈ ಗ್ರಾಹಕ ತುಂಬಿದೆ. ಒಗ್ಗರಣೆಯಲ್ಲಿ ಒಣಮೆಣಸಿನಕಾಯಿ ಸೀದರೆ ಮನೆಮಂದಿಯೆಲ್ಲ ಕೆಮ್ಮುವುದು ಇದೇ ದಾರಿಯಿಂದ. ಸುದ್ದಿ ಸಿ ತಂತುವಿನಲ್ಲಿ ಮೇಲಕ್ಕೆ ಹೋಗುತ್ತದೆ, ಕೆಮ್ಮಿನ ಅಪ್ಪಣೆಯ ಒಂದು ಭಾಗ ಎ ತಂತುವಿನಲ್ಲಿ ಗಂಟಲಿಗೆ ವಾಪಸ್ ಬರುತ್ತದೆ. ಎರಡೂ ವೇಗಸ್ಸೇ.

ಸತತ ಖಾರ ತಾಗುತ್ತಿದ್ದರೆ ಆ ಗ್ರಾಹಕ ಮಂಕಾಗುತ್ತದೆ, ಇದು ಗೊತ್ತಿರುವ ವಿಷಯ. ಹಾಗಂತ ಆ ಹೆಣ್ಣುಮಕ್ಕಳಿಗೆ ಏನೂ ಆಗಲ್ಲ ಅಂತ ತಿಳಿಯಬೇಡಿ. ಸೆರಗಿನ ಬದಲು ಒಳ್ಳೆ ಮಾಸ್ಕ್ ಕೊಡಿಸಿ. ಧೂಳು ಧೂಳೇ.

ಬ್ಯಾಡಗಿ ಘಾಟು

ಕೊಡಿಸುತ್ತೇನೆ. ಆದರೆ ಒಂದು ಮಾತು, ನಮ್ಮ ಡಬ್ಬಿ, ಕಡ್ಡಿ ತಳಿಗಳೆರಡೂ ಬಣ್ಣಕ್ಕೆ ಹೆಸರುವಾಸಿ, ಖಾರಕ್ಕಲ್ಲ. ಗುಂಟೂರು ಮಾಲು ಬಂದ ದಿನ ನೋಡಬೇಕು ನೀವು, ಲಾರಿ ಬಿಚ್ಚುವ ಹಮಾಲರೂ ಮುಖ ಆಕಡೆ ತಿರುಗಿಸುತ್ತಾರೆ. ಮತ್ತೆ ಹೊಲದಲ್ಲಿ ಗಿಳಿಗಳು ಹಣ್ಣುಮೆಣಸಿನಕಾಯಿ ಕುಕ್ಕಿ ತಿನ್ನುತ್ತವಲ್ಲ, ಅವಕ್ಕೆ ಈ ಸಿ ತಂತು ಇಲ್ಲವಾ?

ಸಪ್ತಾಪುರದ ಓದುಗ

ಇದು ನನಗೆ ಗೊತ್ತು! ಹಕ್ಕಿಗೂ ಸಿ ತಂತು ಇದೆ, ಗ್ರಾಹಕವೂ ಇದೆ. ಆದರೆ ಹಕ್ಕಿಯ ಗ್ರಾಹಕದ ಆಕಾರದಲ್ಲಿ ಸ್ವಲ್ಪ ವ್ಯತ್ಯಾಸ ಇದೆ, ಕ್ಯಾಪ್ಸೈಸಿನ್ ಅಲ್ಲಿ ಕೂರಲ್ಲ. ಬಿಸಿ, ಆಮ್ಲ ತಾಗಿದರೆ ಅದು ಎಚ್ಚರಾಗುತ್ತದೆ. ಸಸ್ತನಿಗಳಿಗೆ ಮಾತ್ರ ಉರಿ. ಇಲಿ ಬೀಜ ಅಗಿದು ಹಾಳು ಮಾಡುತ್ತದೆ, ಹಕ್ಕಿ ನುಂಗಿ ದೂರ ಒಯ್ದು ಹಾಕುತ್ತದೆ. ಗಿಡಕ್ಕೆ ಯಾರು ಬೇಕು ಅಂತ ನೀವೇ ಹೇಳಿ.

ಗದಗ ದನದ ಡಾಕ್ಟರ್

ಬೆಕ್ಕು ಇಲಿ ಆಯಿತು, ಈಗ ಸ್ವಲ್ಪ ಆಕಳಿನ ಕಡೆ ಬನ್ನಿ.

ಈ ಚರ್ಚೆಯಲ್ಲಿ ಎಲ್ಲರೂ ಮೇಲಕ್ಕೆ ಹೋಗುವ ತಂತುಗಳ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೆಳಕ್ಕೆ ಬರುವವು ಕಮ್ಮಿ ಇವೆ ಅಂತ ಅವನ್ನು ಲೆಕ್ಕಕ್ಕೇ ಹಿಡಿಯದೆ ಇದ್ದರೆ ದನ ಉಳಿಯುವುದಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಮುಂದಿನ ಮೂರು ಹೊಟ್ಟೆಗಳು ತಾವಾಗಿಯೇ ತಾಳಬದ್ಧವಾಗಿ ಕುಲುಕುವುದಿಲ್ಲ. ದೊಡ್ಡ ಹೊಟ್ಟೆಯ ಒಂದೊಂದು ಸುತ್ತಿಗೂ ಮೆಡುಲ್ಲಾದಿಂದ ವೇಗಸ್ ಮೂಲಕ ಅಪ್ಪಣೆ ಬರಬೇಕು. ಎಡಗಡೆ ಪಕ್ಕೆಯ ಹಿಂದಿನ ಕುಳಿಯಲ್ಲಿ ಮುಷ್ಟಿ ಒತ್ತಿ ನಿಂತರೆ ಸುಮಾರು ನಿಮಿಷಕ್ಕೊಮ್ಮೆ ಹೊಟ್ಟೆ ನಿಮ್ಮ ಕೈಯನ್ನು ತಳ್ಳುತ್ತದೆ. ಎರಡೂ ವೇಗಸ್ ಕತ್ತರಿಸಿದರೆ ಆ ತಾಳ ನಿಂತುಹೋಗುತ್ತದೆ. ಮನುಷ್ಯನಲ್ಲಿ ಹಾಗಲ್ಲ. ಕರುಳಿನ ಗೋಡೆಯೊಳಗಿನ ನರಜಾಲವೇ ಬಹಳಷ್ಟು ಕೆಲಸ ಸಂಭಾಳಿಸುತ್ತದೆ.

ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ. ಕಣಿಕೆಯ ಜೊತೆ, ಹೊಟ್ಟಿನ ಜೊತೆ ತಂತಿ ತುಂಡು, ಮೊಳೆ ಹೋಗುತ್ತವೆ. ದನ ಅಗಿದು ನೋಡಿ ತಿನ್ನುವುದಿಲ್ಲ, ಸೀದಾ ನುಂಗುತ್ತದೆ. ತಂತಿ ಎರಡನೇ ಹೊಟ್ಟೆಯಲ್ಲಿ, ರೆಟಿಕ್ಯುಲಮ್‌ನಲ್ಲಿ ಕೂರುತ್ತದೆ, ಗೋಡೆ ಚುಚ್ಚುತ್ತದೆ. ಅಲ್ಲಿ ಕೀವು, ಅಂಟು ಆಗಿ ವೇಗಸ್‌ನ ಕವಲು ಸಿಕ್ಕಿಹಾಕಿಕೊಂಡರೆ ಹೊಟ್ಟೆ ಮುಂದಕ್ಕೆ ಮೇವು ಕಳಿಸುವುದಿಲ್ಲ. ಹಿಂದಿನಿಂದ ನಿಂತು ನೋಡಿ, ಎಡಗಡೆ ಮೇಲೂ ಕೆಳಗೂ ಉಬ್ಬಿರುತ್ತದೆ, ಬಲಗಡೆ ಕೆಳಗೆ ಮಾತ್ರ ಉಬ್ಬಿರುತ್ತದೆ. ಕೆಲವು ದನಗಳಲ್ಲಿ ನಾಡಿ ನಿಧಾನ ಆಗಿರುತ್ತದೆ. ವೇಗಸ್‌ನ ಅಪ್ಪಣೆ ತಡೆಯುವ ಔಷಧ ಅಟ್ರೋಪಿನ್ ಕೊಟ್ಟಾಗ ನಾಡಿ ಏರಿದರೆ ವೇಗಸ್ ಹೃದಯವನ್ನು ಹಿಡಿದು ಎಳೆಯುತ್ತಿದೆ ಅಂತ ಅರ್ಥ. ಸ್ವೀಡನ್ನಿನ ಹೊಫ್ಲುಂಡ್ 1940ರಲ್ಲಿ ದನಗಳ ವೇಗಸ್ ಕವಲುಗಳನ್ನು ಒಂದೊಂದಾಗಿ ಕತ್ತರಿಸಿ ಈ ಕಾಯಿಲೆಯ ಬಗೆಗಳನ್ನು ಬಿಡಿಸಿಟ್ಟ. ಈಗಿನವರು ಎಲ್ಲ ಕೇಸಿನಲ್ಲೂ ನರವೇ ಹಾಳಾಗಿರಲ್ಲ, ಎಷ್ಟೋ ಸಲ ಅಂಟಿಕೊಂಡ ಗೋಡೆ ಅಲುಗಾಡದೆ ಹೀಗಾಗುತ್ತದೆ ಅನ್ನುತ್ತಾರೆ. ನನ್ನ ಅನುಭವಕ್ಕೂ ಅದೇ ಸರಿ ಅನಿಸುತ್ತದೆ.

ಉಣಕಲ್ ಕೆರೆ

ಇದು ಒಳ್ಳೆ ಪಾಯಿಂಟ್. ಚಿಗರಿ ಬಸ್ಸಿನಲ್ಲಿ ತಲೆ ಎಣಿಸಿದರೆ ಡ್ರೈವರ್ ಒಬ್ಬನೇ, ಪ್ರಯಾಣಿಕರು 60 ಮಂದಿ. ಹಾಗಂತ ಬಸ್ ಓಡಿಸುವುದರಲ್ಲಿ ಡ್ರೈವರ್ ಪಾಲು ಶೇ. 2 ಅಂತ ಯಾರೂ ಹೇಳಲ್ಲ. ತಂತು ಎಣಿಸಿ "ವೇಗಸ್ ಅಂದರೆ ಮುಖ್ಯವಾಗಿ ಕೇಳಿಸಿಕೊಳ್ಳುವ ನರ" ಅನ್ನುವವರು ಅದನ್ನೇ ಮಾಡುತ್ತಿದ್ದಾರೆ ಅಲ್ವಾ?

ವಿದ್ಯಾನಗರ ಫಿಸಿಯಾಲಜಿ

ಅದೇ. ಕೆಳಕ್ಕೆ ಬರುವ ಒಂದು ತಂತು ಕರುಳಿಗೆ ಬಂದ ಮೇಲೆ ಕವಲೊಡೆದು ಎಷ್ಟೋ ನರಕೋಶಗಳಿಗೆ ತಾಗುತ್ತದೆ. ಸಾವಿರಗಳ ಲೆಕ್ಕದ ತಂತುಗಳು ಕರುಳಿನ ಕೋಟಿಗಟ್ಟಲೆ ನರಕೋಶಗಳ ಜೊತೆ ಮಾತಾಡುತ್ತವೆ. ಹೃದಯದ್ದೂ ಅಷ್ಟೇ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಕೂತಾಗ 70ಕ್ಕೆ ಇಳಿಸಿ ಇಟ್ಟಿರುವುದು ವೇಗಸ್‌ನ ಕೆಲವೇ ಬಿ ತಂತುಗಳು.

ಈಗ ಸಪ್ತಾಪುರದವರ ಅತ್ತೆಯ ಹಾಳೆಗೆ ಬರೋಣ. ಅದರಲ್ಲಿ ಒಂದು ತಮಾಷೆ ಇದೆ. ಆ ಕ್ಲಾಸುಗಳಲ್ಲಿ "ವೇಗಸ್ ಟೋನ್" ಅಂತ ಅಳೆಯುವುದು ಏನನ್ನು? ಉಸಿರು ಒಳಗೆ ಎಳೆದಾಗ ಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಆ ಏರಿಳಿತ ಎಷ್ಟಿದೆ ಅಂತ ವಾಚು ನೋಡಿ ಹೇಳುತ್ತಾರೆ. ಅದು ಹೃದಯಕ್ಕೆ ಇಳಿಯುವ ತಂತುಗಳ ಕೆಲಸ. ಅಂದರೆ ಹಾಳೆಯಲ್ಲಿ ಶೇ. 80ರ ಹೊಗಳಿಕೆ, ಕೈಯಲ್ಲಿ ಅಳೆಯುತ್ತಿರುವುದು ಉಳಿದ 20ರೊಳಗಿನ ಒಂದು ಸಣ್ಣ ಪಾಲು. ನಿಧಾನ ಉಸಿರಾಟದಿಂದ ಮನಸ್ಸು ಹಗುರ ಆಗುತ್ತದೆ ಅಂದರೆ ನಾನು ಬೇಡ ಅನ್ನಲ್ಲ, ಅತ್ತೆ ಮಾಡಲಿ. ಆದರೆ ತಂತುಗಳ ಎಣಿಕೆ ಆ ಮಾತಿಗೆ ಸಾಕ್ಷಿ ಅಲ್ಲ.

ಮಾಳಮಡ್ಡಿ ಅಕ್ಕ

ನಾನು ರಿಟೈರ್ ಆದ ನರ್ಸ್. ನನ್ನ ನಾದಿನಿಗೆ ಥೈರಾಯ್ಡ್ ಆಪರೇಷನ್ ಆದ ಮೇಲೆ ಧ್ವನಿ ಕಟ್ಟಿತು. ಫೋನಿನಲ್ಲಿ ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ. ನರಕ್ಕೆ ಪೆಟ್ಟಾಗಿದೆ, ತಿಂಗಳುಗಟ್ಟಲೆ ಬೇಕು ಅಂದರು. ಅದೂ ಇದೇ ನರವಾ? ನಮಗೆ ಟ್ರೇನಿಂಗ್‌ನಲ್ಲಿ ರಿಕರೆಂಟ್ ಲಾರಿಂಜಿಯಲ್ ಅಂತ ಹೇಳಿಕೊಟ್ಟಿದ್ದರು.

ವಿದ್ಯಾನಗರ ಫಿಸಿಯಾಲಜಿ

ಹೌದು ಅಕ್ಕಾ, ವೇಗಸ್‌ನದೇ ಕವಲು. ಕುತ್ತಿಗೆ ದಾಟಿ ಎದೆಗೆ ಇಳಿದು, ಎಡಗಡೆಯದು ಮಹಾಪಧಮನಿಯ ಕೆಳಗೆ ಸುತ್ತಿ ಮತ್ತೆ ಗಂಟಲಿಗೆ ಏರುತ್ತದೆ. ಥೈರಾಯ್ಡ್ ಹಿಂದೆಯೇ ಹಾಯುತ್ತದೆ, ಅದಕ್ಕೇ ಆ ಆಪರೇಷನ್‌ನಲ್ಲಿ ಭಯ. ಜಿರಾಫೆಯಲ್ಲೂ ಇದೇ ಸುತ್ತು, ಅಷ್ಟುದ್ದ ಕುತ್ತಿಗೆ ಇಳಿದು ಅಷ್ಟೇ ಏರಬೇಕು. ಸಸ್ತನಿಗಳ ಮೈ ಕಟ್ಟುವ ಕ್ರಮ ಹಳೆಯದು, ಕುತ್ತಿಗೆ ಉದ್ದ ಆಯಿತು ಅಂತ ನರ ದಾರಿ ಬದಲಿಸಲಿಲ್ಲ. ನಾದಿನಿಯವರದು ಬರೀ ನಲುಗಿದ್ದಾದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ. ಸ್ಪೀಚ್ ಥೆರಪಿ ಬಿಡಬೇಡಿ.

ಗದಗ ದನದ ಡಾಕ್ಟರ್

ದೊಡ್ಡ ಕುದುರೆಗಳಲ್ಲಿ ಎಡಗಡೆಯ ಇದೇ ಉದ್ದದ ನರ ತಾನಾಗಿ ಸೊರಗುತ್ತದೆ, ಓಡುವಾಗ ಗೊರಗೊರ ಸದ್ದು ಬರುತ್ತದೆ. ಉದ್ದ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ.

ಉಣಕಲ್ ಕೆರೆ

ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಮೂರ್ಛೆರೋಗಕ್ಕೆ ಕುತ್ತಿಗೆಯಲ್ಲಿ ವೇಗಸ್‌ಗೆ ಕರೆಂಟ್ ಕೊಡುವ ಯಂತ್ರ ಇದೆಯಲ್ಲ, ಎದೆಯಲ್ಲಿ ಪೇಸ್‌ಮೇಕರ್ ತರಹ ಹೂಳುತ್ತಾರೆ. ಅಮೆರಿಕದಲ್ಲಿ 1997ರಿಂದ ಒಪ್ಪಿಗೆ ಇದೆ. 30 ಹರ್ಟ್ಜ್, 30 ಸೆಕೆಂಡ್ ಆನ್, 5 ನಿಮಿಷ ಆಫ್, ಹೀಗೇನೋ ಸಾಮಾನ್ಯ ಸೆಟ್ಟಿಂಗ್. ಅದು ಯಾವ ತಂತುವನ್ನು ಎಬ್ಬಿಸುತ್ತದೆ? ಎಲ್ಲ ಒಂದೇ ಕಟ್ಟಿನಲ್ಲಿದ್ದರೆ ಬೇಕಾದ್ದು ಒಂದನ್ನೇ ಮುಟ್ಟುವುದು ಹೇಗೆ?

ವಿದ್ಯಾನಗರ ಫಿಸಿಯಾಲಜಿ

ದಪ್ಪ ತಂತು ಕಡಿಮೆ ಕರೆಂಟಿಗೇ ಎದ್ದೇಳುತ್ತದೆ. ಏರಿಸುತ್ತಾ ಹೋದರೆ ಮೊದಲು ಎ, ಆಮೇಲೆ ಬಿ, ಕೊನೆಗೆ ಸಿ. ಅದಕ್ಕೇ ಯಂತ್ರ ಆನ್ ಆದಾಗ ರೋಗಿಗಳ ಧ್ವನಿ ಗೊಗ್ಗರಾಗುತ್ತದೆ, ಗಂಟಲಿನ ಎ ತಂತುಗಳು ಮೊದಲ ಸಾಲಿನಲ್ಲೇ ನಿಂತಿವೆ. 2001ರಲ್ಲಿ ಕ್ರಾಲ್ ಮತ್ತು ಜೊತೆಗಾರರು ಇಲಿಗಳಿಗೆ ಕ್ಯಾಪ್ಸೈಸಿನ್ ಕೊಟ್ಟು ಸಿ ತಂತುಗಳನ್ನು ಹಾಳು ಮಾಡಿ ನೋಡಿದರು. ಸೆಳೆತ ತಗ್ಗಿಸುವ ಪರಿಣಾಮ ಹಾಗೇ ಉಳಿಯಿತು. ಅಂದರೆ ಆ ಕೆಲಸಕ್ಕೆ ಸಿ ಬೇಕಿಲ್ಲ. ಬ್ಯಾಡಗಿ ಅಣ್ಣಾ, ನಿಮ್ಮ ಮೆಣಸಿನಕಾಯಿ ಇಲ್ಲೂ ಬಂತು ನೋಡಿ.

ನೋಡಿ, ಸಂಖ್ಯೆಯಲ್ಲಿ ಸಿ ತಂತುಗಳದೇ ರಾಜ್ಯ, ಆದರೆ ಈ ಚಿಕಿತ್ಸೆಯಲ್ಲಿ ಕೆಲಸ ಮಾಡುತ್ತಿರುವುದು ಅಲ್ಪಸಂಖ್ಯಾತರು.

ಸಪ್ತಾಪುರದ ಓದುಗ

ಸರ್, ಉಸಿರಾಟದಲ್ಲೂ ಹೀಗೇ ಎ, ಸಿ ಬೇರೆ ಬೇರೆ ಕೆಲಸ ಮಾಡುತ್ತವಾ? ಹೆರಿಂಗ್-ಬ್ರೂಯರ್ ಪ್ರತಿವರ್ತನೆ ಅಂತ ಓದಿದ್ದೆ, 1868ರದ್ದು, ಶ್ವಾಸಕೋಶ ಹಿಗ್ಗಿದರೆ ಉಸಿರು ಎಳೆಯುವುದು ನಿಲ್ಲುತ್ತದೆ ಅಂತ.

ವಿದ್ಯಾನಗರ ಫಿಸಿಯಾಲಜಿ

ಅದು ಎ ತಂತುಗಳ ಕೆಲಸ. ಸಿ ತಂತುಗಳ ಕಥೆಯಲ್ಲಿ ನಮ್ಮ ದೇಶದವರ ಹೆಸರಿದೆ, ನಮ್ಮ ಹುಡುಗರಿಗೇ ಗೊತ್ತಿರಲ್ಲ. ಅವತಾರ್ ಸಿಂಗ್ ಪೈಂಟಲ್. ಬರ್ಮಾದ ಮೊಗೋಕ್‌ನಲ್ಲಿ 1925ರಲ್ಲಿ ಹುಟ್ಟಿದರು, ಎಡಿನ್‌ಬರೊದಲ್ಲಿ ಸಂಶೋಧನೆ ಮಾಡಿದರು, ಆಮೇಲೆ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಬೆಕ್ಕಿನ ವೇಗಸ್‌ನಿಂದ ಒಂದೇ ಒಂದು ತಂತುವನ್ನು ಎಳೆದು ಅದರ ಸದ್ದು ಕೇಳುವುದರಲ್ಲಿ ಅವರದು ಪಳಗಿದ ಕೈ. ಜಠರ ಹಿಗ್ಗಿದಾಗ ಮಿಡಿಯುವ ತಂತುಗಳನ್ನು ಹುಡುಕಿದರು. ಶ್ವಾಸಕೋಶದಲ್ಲಿ ರಕ್ತನಾಳಗಳ ಪಕ್ಕದಲ್ಲೇ ಇರುವ ಜೆ ಗ್ರಾಹಕಗಳನ್ನು ಹುಡುಕಿದರು. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಏದುಸಿರು ಬರುತ್ತದಲ್ಲ, ಆ ಸುದ್ದಿಯನ್ನು ಸಿ ತಂತುಗಳ ಮೂಲಕ ಮೇಲಕ್ಕೆ ಹೇಳುವವರಲ್ಲಿ ಇವು ಸೇರಿವೆ.

ಅದನ್ನೇ 2015ರಲ್ಲಿ ಹಾರ್ವರ್ಡ್‌ನ ಲೀಬರ್ಲ್ಸ್ ತಂಡ ಚಿಕ್ಕಿಲಿಗಳಲ್ಲಿ ಜೀನ್ ಲೆಕ್ಕದಲ್ಲಿ ಮಾಡಿತು. ಒಂದು ಬಗೆಯ ಸಂವೇದನಾ ತಂತು, ಬಹುತೇಕ ವೇಗದ ಎ, ಬೆಳಕಿಗೆ ಸ್ಪಂದಿಸುವಂತೆ ಮಾಡಿ ಬೆಳಕಿನಿಂದ ಎಬ್ಬಿಸಿದರೆ ಉಸಿರೇ ನಿಲ್ಲುತ್ತದೆ. ಇನ್ನೊಂದು ಬಗೆ, ಬಹುತೇಕ ಸಿ, ಎಬ್ಬಿಸಿದರೆ ಸಣ್ಣ ಸಣ್ಣ ಉಸಿರು ಬೇಗ ಬೇಗ. ಎರಡೂ ಮೇಲಕ್ಕೇ ಹೋಗುವ ತಂತುಗಳು, ಎರಡೂ ಶ್ವಾಸಕೋಶದ್ದು, ಪರಿಣಾಮ ಮಾತ್ರ ಪೂರ್ತಿ ಬೇರೆ. "ಶೇ. 80" ಅನ್ನುವ ಒಂದೇ ಚೀಲದಲ್ಲಿ ಇವೆರಡನ್ನೂ ಹಾಕಿದರೆ ಏನು ತಿಳಿಯುತ್ತದೆ ಹೇಳಿ.

ಹಾವೇರಿ ಮೇಷ್ಟ್ರು

ನನ್ನ ವಿದ್ಯಾರ್ಥಿಯೊಬ್ಬಳು ಕೇಳಿದ ಪ್ರಶ್ನೆ. ಕಿವಿಯಲ್ಲಿ ಕಡ್ಡಿ ಹಾಕಿದರೆ ಕೆಮ್ಮು ಬರುತ್ತದೆ ಯಾಕೆ ಸರ್ ಅಂತ. ಆವತ್ತು ನಾಳೆ ಹೇಳುತ್ತೇನೆ ಅಂದಿದ್ದೆ.

ಮಾಳಮಡ್ಡಿ ಅಕ್ಕ

ಮೇಷ್ಟ್ರೇ, ಮೊದಲು ಅವಳಿಗೆ ಕಿವಿಯಲ್ಲಿ ಕಡ್ಡಿ ಹಾಕಬೇಡ ಅಂತ ಹೇಳಿ. ಕೆಮ್ಮು ಬರುವುದು ಇದೇ ನರದಿಂದ. ವೇಗಸ್‌ನ ಒಂದು ಸಣ್ಣ ಕವಲು ಕಿವಿಯ ತೂತಿನ ಗೋಡೆಗೆ ಬರುತ್ತದೆ, ಆರ್ನಾಲ್ಡ್ ನರ ಅಂತಾರೆ. ಎಲ್ಲರಿಗೂ ಕೆಮ್ಮು ಬರಲ್ಲ, ಕೆಲವರಿಗೆ ಮಾತ್ರ. ಬಹಳ ದಿನ ಒಣಕೆಮ್ಮು ಇದ್ದವರ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದು ಸಿಕ್ಕ ಉದಾಹರಣೆಗಳೂ ಇವೆ.

ಉಣಕಲ್ ಕೆರೆ

ಯಂತ್ರದ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ. ಹಂದಿಯ ಮೇಲೆ ಪ್ರಯೋಗ ಮಾಡುತ್ತಾರಂತೆ, ಮನುಷ್ಯನಿಗೆ ಹತ್ತಿರ ಅಂತ. ಅದು ಸರಿಯಾ?

ಗದಗ ದನದ ಡಾಕ್ಟರ್

ನರದ ದಪ್ಪ ಹತ್ತಿರ. ಒಳಗಿನ ಕಟ್ಟು ಹತ್ತಿರ ಅಲ್ಲ. ಇಲಿಯ ಕುತ್ತಿಗೆಯ ವೇಗಸ್ ಸಾಮಾನ್ಯವಾಗಿ ಒಂದೇ ಸಿಂಬೆ, ಅಂದರೆ ತಂತುಗಳ ಒಂದೇ ಕಂತೆ. ಮನುಷ್ಯನಲ್ಲಿ ಬೆರಳೆಣಿಕೆಯಷ್ಟು ಸಿಂಬೆಗಳು. ಹಂದಿಯಲ್ಲಿ ಮನುಷ್ಯನಿಗಿಂತ ಎಷ್ಟೋ ಪಟ್ಟು ಜಾಸ್ತಿ, ನಲವತ್ತು ದಾಟುತ್ತವೆ. 2020ರ ಸುಮಾರಿಗೆ ಈ ಮೂರನ್ನೂ ಪಕ್ಕಪಕ್ಕ ಇಟ್ಟು ಅಳೆದ ಕೆಲಸ ಬಂತು. ಹಂದಿಯಲ್ಲಿ ಯಾವ ಅಂಗದ ತಂತುಗಳು ಯಾವ ಸಿಂಬೆಯಲ್ಲಿವೆ ಅಂತ ಒಂದು ಮಟ್ಟಿಗೆ ಗುರುತಿಸಬಹುದು, ಹಾಗಾಗಿ ಎಲೆಕ್ಟ್ರೋಡ್ ಒಂದು ಪಕ್ಕಕ್ಕೆ ಇಟ್ಟು ಬೇಕಾದ ಕಡೆ ಮಾತ್ರ ಕರೆಂಟ್ ಕೊಡಬಹುದು. ಅದೇ ಉಪಾಯ ಮನುಷ್ಯನ ಕೆಲವೇ ಸಿಂಬೆಗಳಲ್ಲಿ ಅಷ್ಟು ಸಲೀಸಾಗಿ ನಡೆಯುತ್ತದೆ ಅಂತ ಭಾವಿಸಬೇಡಿ.

ನಾಯಿಯಲ್ಲಿ ಇನ್ನೊಂದು ಗೋಜು. ಕುತ್ತಿಗೆಯಲ್ಲಿ ವೇಗಸ್ ಮತ್ತು ಸಿಂಪಥೆಟಿಕ್ ಎರಡೂ ಒಂದೇ ಪೊರೆಯೊಳಗೆ ಇರುತ್ತವೆ. ಹೃದಯವನ್ನು ನಿಧಾನ ಮಾಡುವವು, ಜೋರು ಮಾಡುವವು ಒಟ್ಟಿಗೆ. ಮೊಲದಲ್ಲಿ ಅದರ ಉಲ್ಟಾ, ಮಹಾಪಧಮನಿಯ ಒತ್ತಡದ ಸುದ್ದಿ ಒಯ್ಯುವ ತಂತುಗಳು ಪ್ರತ್ಯೇಕ ದಾರವಾಗಿ ಪಕ್ಕದಲ್ಲೇ ಹೋಗುತ್ತವೆ. 1866ರಲ್ಲಿ ಲುಡ್ವಿಗ್ ಮತ್ತು ಸಿಯೋನ್ ಅದನ್ನು ಹುಡುಕಿದ್ದು ಮೊಲದಲ್ಲೇ. ಬೇರೆ ಪ್ರಾಣಿ ಹಿಡಿದಿದ್ದರೆ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ.

ಸಪ್ತಾಪುರದ ಓದುಗ

ಅತ್ತೆಗೆ ಇಷ್ಟೂ ಓದಿ ಹೇಳಿದೆ. "ಬೆಕ್ಕಿನ ಲೆಕ್ಕಕ್ಕೆ ನನ್ನ ಹತ್ತಿರ ರೊಕ್ಕ ಇಸಿದುಕೊಂಡಾರೇನು" ಅಂದರು. ಕ್ಲಾಸಿಗೆ ಮಾತ್ರ ಹೋಗುವುದು ಬಿಟ್ಟಿಲ್ಲ, ಅಲ್ಲಿ ಗೆಳತಿಯರು ಸಿಗುತ್ತಾರಂತೆ.

ಸೆಮಿನಾರಿಗೆ ಇದೇ ವಿಷಯ ತೆಗೆದುಕೊಳ್ಳುತ್ತಿದ್ದೇನೆ. ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕ ಪ್ರಾಣಿ, ಮಟ್ಟ, ಎಣಿಸಿದ ವಿಧಾನ ಮೂರನ್ನೂ ಬರೆಯುತ್ತೇನೆ. ಗದಗದ ಡಾಕ್ಟ್ರೇ, ಎಮ್ಮೆಯ ವೇಗಸ್ ಯಾರಾದರೂ ಎಣಿಸಿದ್ದಾರಾ?

ಗದಗ ದನದ ಡಾಕ್ಟರ್

ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮಗೆ ನರದ ತುಂಡು ಬೇಕಿದ್ದರೆ ಗೈಡ್ ಹತ್ತಿರ ಮೊದಲು ಒಪ್ಪಿಗೆ ಪತ್ರ ತನ್ನಿ, ಪೋಸ್ಟ್‌ಮಾರ್ಟಂ ಇದ್ದ ದಿನ ಫೋನ್ ಮಾಡುತ್ತೇನೆ. ಫಾರ್ಮಲಿನ್ ಬಾಟಲಿ ನೀವೇ ತನ್ನಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅಂದರೆ ಗ್ಲುಟರಾಲ್ಡಿಹೈಡ್ ಬೇಕು, ಮತ್ತು ಸತ್ತ ಮೇಲೆ ತಡ ಆದರೆ ತಂತುಗಳು ಕೆಡುತ್ತವೆ, ಆಮೇಲೆ ಎಣಿಸಿ ಪ್ರಯೋಜನ ಇಲ್ಲ. ಬೇಗ ಬರಲು ಆಗುತ್ತದೆಯಾ ನೋಡಿ.

ಬ್ಯಾಡಗಿ ಘಾಟು

ಮಾಸ್ಕ್ ಯಾವುದು ತರಬೇಕು ಅಂತ ಯಾರೂ ಹೇಳಲಿಲ್ಲ.

ಮಾಳಮಡ್ಡಿ ಅಕ್ಕ

ಎನ್95 ತನ್ನಿ ತಮ್ಮಾ. ಬಟ್ಟೆಯದ್ದು ಬೇಡ, ಸಣ್ಣ ಪುಡಿ ಒಳಗೆ ಹೋಗುತ್ತದೆ. ಒದ್ದೆಯಾದರೆ ಬದಲಿಸಲು ಹೇಳಿ.